ಬಾಜಿ ಕಟ್ಟಿದವರು, ಬಾಜಿಯಾದವರು

ಮುಂಗಾರು ಬಂತೆಂದರೆ ನಮ್ಮ ಸಾಸ್ವೆಹಳ್ಳಿಯ ಹೋಟೆಲ್ ಕಟ್ಟೆಯಲ್ಲಿ ಒಂದೇ ಮಾತು: ಈ ಸಲ ಭದ್ರಾ ಡ್ಯಾಮು 186 ಅಡಿ ತುಂಬುತ್ತೋ, ಇಲ್ವೋ? 'ತುಂಬುತ್ತೆ, ಕಟ್ಟು ಐನೂರು' ಅಂತಾನೆ ಒಬ್ಬ.

ದೂರದ ದೇಶಗಳಲ್ಲೂ ಇದೇ ಆಟ. ಉತ್ತರ ಧ್ರುವದ ಕಡಲ ಹಿಮ ಸೆಪ್ಟೆಂಬರಿನಲ್ಲಿ ಎಷ್ಟಕ್ಕಿಳಿಯುತ್ತದೆಂದು ವಿಜ್ಞಾನಿಗಳು ಅಂದಾಜು ಹೇಳುತ್ತಾರೆ. ಅದರ ಮೇಲೆ ದುಡ್ಡು ಕಟ್ಟುವವರೂ ಇದ್ದಾರೆ. 2012ರಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಸಿಯಿತು. ಅದನ್ನು ಕರಗಿಸುವ ಕಾರಖಾನೆಗಳ ಹೊಗೆಯೇ ನಮ್ಮ ಮಳೆಯ ಲೆಕ್ಕವನ್ನೂ ಕೆಡಿಸುತ್ತಿದೆ.

ಅಂದಾಜು ಮಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಇರುವೆ ಮೊಟ್ಟೆ ಹೊತ್ತು ಸಾಗುವುದನ್ನು ಕಂಡು ಮಳೆ ಹೇಳಿದವರು ನಮ್ಮಜ್ಜಿಯರೇ. ದುಡ್ಡಿಟ್ಟವನು ಹುಷಾರಾಗಿ ಲೆಕ್ಕ ಹಾಕುತ್ತಾನೆ, ಅದೂ ನಿಜ. ಆದರೆ ಸೋತರೆ ಅವನಿಗೆ ಹೋಗುವುದು ಐನೂರು ರೂಪಾಯಿ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು. ಗದ್ದೆಗೆ ನೀರಿಲ್ಲದೆ ನಾಟಿ ನಿಂತರೆ ಕೂಲಿ ಹೆಂಗಸಿನ ಒಲೆಯೇ ಆರುತ್ತದೆ. ಅವಳು ಯಾವ ಬಾಜಿಯನ್ನೂ ಕಟ್ಟಿರಲಿಲ್ಲ.

ಧರ್ಮರಾಯ ದ್ರೌಪದಿಯನ್ನು ಪಣಕ್ಕೊಡ್ಡಿದಾಗ ಅವಳನ್ನು ಕೇಳಿದ್ದನೇ? ನಮ್ಮನ್ನೂ ಯಾರೂ ಕೇಳಿಲ್ಲ.

ಗೆಳೆಯರೇ, ಅಂದಾಜು ಬಲ್ಲವರು ಬರಕ್ಕೆ ಮೊದಲೇ ನಮ್ಮ ಕೇರಿಗೆ ಬಂದು ಹೇಳಲಿ; ಆಳುವವರು ಕೂಲಿಗೆ ದಾರಿ ಮಾಡಲಿ. ಆಮೇಲೆ ಬೇಕಾದರೆ ಟೀ ಕುಡೀತಾ ಬಾಜಿ ಕಟ್ಟಿಕೊಳ್ಳಲಿ.