ಸರಾಸರಿಯ ಹಿಂದೆ ಕಾಯುವವರು

ಅಕೌಂಟ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆ: "ಪಿವಟ್ ಹಾಕೋಕೆ ಬರುತ್ತಾ?" ಬರಲ್ಲ ಅಂದ್ರೂ ಚಿಂತೆಯಿಲ್ಲ, ಕಲಿಯೋಕೆ ಒಂದು ಮಧ್ಯಾಹ್ನ ಸಾಕು. ವೆಂಡರ್ ಹೆಸರನ್ನು ರೋಸ್‌ಗೆ, ತಿಂಗಳನ್ನು ಕಾಲಮ್ಸ್‌ಗೆ, ಮೊತ್ತವನ್ನು ವ್ಯಾಲ್ಯೂಸ್‌ಗೆ ಎಳೆದು ಹಾಕಿದರೆ ಸಾವಿರಾರು ಸಾಲುಗಳು ಒಂದೇ ಪುಟಕ್ಕೆ ಇಳಿಯುತ್ತವೆ.

ಕಷ್ಟದ ಪ್ರಶ್ನೆ ಶುರುವಾಗೋದು ಆಮೇಲೆ. ಇಷ್ಟೊಂದು ಸಾಲುಗಳನ್ನು ಮಡಚಿ ಒಂದು ಸಂಖ್ಯೆ ಮಾಡಿ ಮ್ಯಾನೇಜರ್‌ಗೆ ಕಳಿಸ್ತೀವಲ್ಲ, ಆ ಸಂಖ್ಯೆಗೆ ಹೊಣೆ ಯಾರು? ಎಕ್ಸೆಲ್ಲೋ, ನಾವೋ?

ಒಂದು ಲೆಕ್ಕ ನೋಡಿ. ಹತ್ತು ಜನ ಸಣ್ಣ ವೆಂಡರ್‌ಗಳಿದ್ದಾರೆ ಅಂದುಕೊಳ್ಳಿ. ಒಂಬತ್ತು ಜನರಿಗೆ 30 ದಿನದಲ್ಲಿ ದುಡ್ಡು ಹೋಗಿದೆ, ಒಬ್ಬರಿಗೆ 120 ದಿನವಾದ ಮೇಲೆ. ಸರಾಸರಿ 39 ದಿನ. ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಪಾವತಿಸಬೇಕು ಅನ್ನುತ್ತೆ 2006ರ ಎಂಎಸ್‌ಎಂಇ ಕಾಯ್ದೆ. 39 ನೋಡಿದವರು "ಸರಿ ಇದೆ" ಅಂತ ಮುಂದೆ ಹೋಗ್ತಾರೆ. ಆ ಹತ್ತನೆಯವರು ನಾಲ್ಕು ತಿಂಗಳು ತಮ್ಮ ಕೆಲಸಗಾರರಿಗೆ ಏನು ಹೇಳಿ ಸಂಬಾಳಿಸಿದರು ಅನ್ನೋದು ಯಾವ ಸೆಲ್‌ನಲ್ಲೂ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಲೆಕ್ಕವೂ ತಪ್ಪಿಲ್ಲ.

ಹಾಗಂತ ಸಾರಾಂಶವೇ ಬೇಡ ಅನ್ನೋಕಾಗಲ್ಲ. ಎಲ್ಲಾ ಬಿಲ್ಲನ್ನೂ ಒಂದೊಂದಾಗಿ ಓದ್ತಾ ಕೂತರೆ ತಿಂಗಳ ಕ್ಲೋಸಿಂಗ್ ಮುಗಿಯಲ್ಲ. ಆದರೆ ಅದೇ 'ದಿನಗಳು' ಫೀಲ್ಡನ್ನು ವ್ಯಾಲ್ಯೂಸ್‌ಗೆ ಎರಡು ಸಲ ಹಾಕಬಹುದು: ಒಂದಕ್ಕೆ ಆವರೇಜ್, ಇನ್ನೊಂದಕ್ಕೆ ಮ್ಯಾಕ್ಸ್. 39ರ ಪಕ್ಕದಲ್ಲಿ 120 ಬಂದು ಕೂರುತ್ತೆ. ಯಾವುದನ್ನು ತೋರಿಸಬೇಕು ಅಂತ ಸಾಫ್ಟ್‌ವೇರ್ ಹೇಳಲ್ಲ, ನಾವೇ ಆರಿಸ್ತೀವಿ. ಆರಿಸಿದ್ದು ನಾವಾದ್ರೆ ಹೊಣೆಯೂ ನಮ್ಮದೇ.

ದೊಡ್ಡವರ ಶೀಟಿಗೂ ಇದು ಅನ್ವಯಿಸುತ್ತೆ. ಸರ್ಕಾರಿ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತೆ ಅಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದರು. ಖರ್ಚು ಕಡಿತದ ಪರವಾಗಿದ್ದ ರಾಜಕಾರಣಿಗಳು ಅದನ್ನು ಎತ್ತಿ ಹಿಡಿದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಮೂಲ ಶೀಟ್ ಕೇಳಿ ಪಡೆದು ನೋಡಿದಾಗ, ಸರಾಸರಿಯ ಫಾರ್ಮುಲಾದಲ್ಲಿ ಐದು ದೇಶಗಳು ಬಿಟ್ಟುಹೋಗಿದ್ದವು. ವಾದದಲ್ಲಿ ಬೇರೆ ಲೋಪಗಳನ್ನೂ ಅವನ ತಂಡ ಎತ್ತಿತು. ಆದರೆ ಎಲ್ಲದರ ಶುರು ಒಂದೇ: ಒಬ್ಬ ಸಾರಾಂಶದಾಚೆಗೆ ಸಾಲುಗಳನ್ನು ನೋಡಿದ.

ಪಿವಟ್‌ನಲ್ಲಿ ಅದಕ್ಕೆ ದಾರಿ ಇದೆ. ಯಾವುದೇ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿ, ಅದರ ಹಿಂದಿನ ಸಾಲುಗಳೆಲ್ಲ ಹೊಸ ಶೀಟ್‌ನಲ್ಲಿ ತೆರೆದುಕೊಳ್ಳುತ್ತವೆ. ಎಲ್ಲದರ ಮೇಲೂ ಬೇಡ. ಯಾವ ಸಂಖ್ಯೆಯಿಂದ ಯಾರದೋ ದುಡ್ಡು ನಿಲ್ಲುತ್ತೋ, ಯಾರದೋ ಕೆಲಸ ಹೋಗುತ್ತೋ, ಅದರ ಮೇಲಾದ್ರೂ ಮಾಡಿ.

"ಸಿಸ್ಟಮ್ ಹಾಗೆ ತೋರಿಸ್ತು ಸಾರ್" ಅನ್ನೋ ಉತ್ತರ ಆಫೀಸಿನಲ್ಲಿ ನಡೆದುಹೋಗುತ್ತೆ. 120 ದಿನ ಕಾದವರ ಮುಂದೆ ನಿಂತು ಅದನ್ನೇ ಹೇಳೋಕಾಗುತ್ತಾ? ಆಗಲ್ಲ ಅನಿಸಿದರೆ, ಕಳಿಸೋ ಮುಂಚೆ ಒಂದು ಸಲ ಕ್ಲಿಕ್ ಮಾಡಿ ನೋಡೋದು ವಾಸಿ.