ಕರುವಿನ ಪಾಲು

ಕಳೆದ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಒಂದಿಷ್ಟು ಕಾಯಿ ತಂದಿದ್ದೆ. ಮರುದಿನ ನನ್ನ ಮೊಮ್ಮಗಳು ಅದರ ಬೀಜವನ್ನು ನೆನೆಸಿ, ಅರೆದು, ಹಾಲು ತೆಗೆದಳು. ಅಷ್ಟೇ ಆಗಿದ್ದರೆ ಈ ಲೇಖನಕ್ಕೆ ಕಾರಣವಿರಲಿಲ್ಲ. ಏಕಭುಕ್ತದಲ್ಲಿದ್ದ ನನ್ನ ಅಕ್ಕನ ಕೈಯಲ್ಲಿ ಆಗ ಹಸುವಿನ ಹಾಲಿನ ಲೋಟವಿತ್ತು. “ದೊಡ್ಡಜ್ಜಿ, ಈ ಹಾಲು ಕುಡಿಯಬೇಕಾಗಿದ್ದ ಕರು ಈಗ ಎಲ್ಲಿದೆ?” ಎಂದು ಹುಡುಗಿ ಕೇಳಿಬಿಟ್ಟಳು. ಅಕ್ಕ ಮಾತಾಡದೆ ಲೋಟವನ್ನು ಕೆಳಗಿಟ್ಟು, ಊಟ ಮುಗಿಸದೆ ಎದ್ದರು. ಮರುದಿನದವರೆಗೆ ಅವರಿಗೆ ಮತ್ತೆ ಆಹಾರವಿಲ್ಲ.

ಇಲ್ಲಿ ತಪ್ಪು ಯಾರದು?

ನಮ್ಮ ಆಚಾರ್ಯರು ಮದ್ಯ, ಮಾಂಸ, ಮಧುಗಳಂತೆ ಹಾಲನ್ನು ನಿಷೇಧಿಸಲಿಲ್ಲ. ರಸಪರಿತ್ಯಾಗ ತಪಸ್ಸಿನಲ್ಲಿ ಬಿಡತಕ್ಕ ರಸಗಳಲ್ಲಿ ಒಂದೆಂದು ಮಾತ್ರ ಎಣಿಸಿದರು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ, ಪ್ರಾಣಿಗಳನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಯಾದ ಹೊರೆ ಹೇರುವುದು ಇವುಗಳ ಜೊತೆಗೆ ಅನ್ನಪಾನನಿರೋಧವನ್ನೂ ಸೇರಿಸುತ್ತದೆ. ಹಸಿದ ಕರುವಿನ ಬಾಯಿಂದ ಹಾಲನ್ನು ತಪ್ಪಿಸುವುದು ಇದೇ ಅಲ್ಲವೆ? ಆದುದರಿಂದ ಶ್ರಾವಕನಿಗೆ ದೊರೆತ ಹಾಲಿನ ಅನುಮತಿಯು ಕರುವಿನ ಪಾಲು ಸಂದ ಮೇಲಿನದು ಎಂದು ನನ್ನ ತಿಳಿವಳಿಕೆ.

ನನ್ನ ಬಾಲ್ಯದಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಬಾಗಿಲಿಗೇ ಹಸುವನ್ನು ತಂದು ಹಾಲು ಕರೆಯುತ್ತಿದ್ದರು. “ಇನ್ನಷ್ಟು ಕರುವಿಗೆ ಬಿಡಪ್ಪ” ಎಂದು ತಾಯಿಯವರು ಹೇಳುತ್ತಿದ್ದರು. ಕರು ಕಣ್ಣೆದುರಿಗಿತ್ತು, ಸಂಯಮಕ್ಕೆ ಅದೇ ಸಾಕ್ಷಿ. ಇಂದು ಪ್ಯಾಕೆಟ್ ಕಾಣುತ್ತದೆ, ಕರು ಕಾಣುವುದಿಲ್ಲ. ಎಳೆಗರುವಿಗೆ ದಿನಕ್ಕೆ ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಹಾಲು ಬೇಕು. ಹಸು ಈಯದೆ ಹಾಲಿಲ್ಲ. ಈದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಟ್ರ್ಯಾಕ್ಟರ್ ಬಂದ ಮೇಲೆ ಅವುಗಳಿಗೆ ಹೊಲದಲ್ಲಿ ಕೆಲಸವೂ ಕಡಿಮೆಯಾಗಿದೆ. ಪಾಲುದಾರನ ಪಾಲನ್ನು ತೆಗೆದಿಡದೆ ತೋರಿಸಿದ ಲಾಭ ಲಾಭವಲ್ಲವೆಂಬುದು ವ್ಯಾಪಾರಿಯಾದ ನನಗೆ ಗೊತ್ತಿರುವ ಲೆಕ್ಕ.

ಸಸ್ಯಜನ್ಯ ಹಾಲು ನಮಗೆ ಹೊಸದಲ್ಲ. ರಾಗಿ ಹಾಲಿನ ಹಾಲುಬಾಯಿ, ತೆಂಗಿನ ಹಾಲಿನ ಪಾಯಸ ನಮ್ಮ ಅಡುಗೆಮನೆಯವೇ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಕಡಲೆಕಾಯಿಯ ಸಸಾರಜನಕವನ್ನು ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಪಾನೀಯವನ್ನೂ ರೂಪಿಸಿತ್ತು. ಮನೆಯಲ್ಲಿ ಮಾಡುವ ಕ್ರಮ ಸುಲಭ: 100 ಗ್ರಾಂ ಕಡಲೆಬೀಜವನ್ನು ಸೋಸಿದ ನೀರಿನಲ್ಲಿ ಬೆಳಗಿನಿಂದ ನಾಲ್ಕೈದು ಗಂಟೆ ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ಅರೆದು, ಅರ್ಧ ಲೀಟರ್ ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿ, ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಬೇಕು. ರಾತ್ರಿ ನೆನೆಹಾಕುವುದು ಬೇಡ. ಸೂರ್ಯಾಸ್ತಕ್ಕೆ ಮೊದಲೇ ಮುಗಿಸಬೇಕು. ಕಡಲೆಕಾಯಿ ನೆಲದೊಳಗೆ ಬಲಿತರೂ ಕಾಯಿಯೇ ಹೊರತು ಗೆಡ್ಡೆಯಲ್ಲ. ಆದರೆ ಹಸುವಿನ ಹಾಲಿನಲ್ಲಿರುವಷ್ಟು ಸುಣ್ಣದ ಅಂಶ ಇದರಲ್ಲಿಲ್ಲ. ಎಳೆಯ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಬದಲಿಸಬಾರದು.

ಇದೂ ಪೂರ್ಣ ಅಹಿಂಸೆಯಲ್ಲ. ಏಕೇಂದ್ರಿಯ ಜೀವಗಳ ಹಿಂಸೆ ಇಲ್ಲಿಯೂ ಉಂಟು. ಗೃಹಸ್ಥನಿಗೆ ಸಾಧ್ಯವಿರುವುದು ಹಿಂಸೆಯನ್ನು ಕಡಿಮೆ ಮಾಡುವುದು, ಮಾಡಿದ್ದಕ್ಕೆ ಹೆಮ್ಮೆಪಡುವುದಲ್ಲ.

ಆ ಸಂಜೆ ಮೊಮ್ಮಗಳಿಗೆ ಹೇಳಿದೆ: “ನಿನ್ನ ಪ್ರಶ್ನೆ ಸರಿ, ಕೇಳಿದ ಹೊತ್ತು ತಪ್ಪು. ಕರುವಿನ ಅನ್ನಪಾನದ ಬಗ್ಗೆ ಮಾತಾಡುತ್ತ ವ್ರತಸ್ಥೆಯ ಅನ್ನಪಾನವನ್ನೇ ತಡೆದೆಯಲ್ಲ, ಮಗು.” ಅವಳು ಹೋಗಿ ಅಕ್ಕನ ಕಾಲಿಗೆರಗಿದಳು. ಅಕ್ಕ ತುಸುಹೊತ್ತು ಸುಮ್ಮನಿದ್ದು, “ಹುಡುಗಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಅದಕ್ಕೇ ಎದ್ದೆ” ಎಂದರು. ಈಗ ಅವರು ಅಷ್ಟಮಿ, ಚತುರ್ದಶಿಗಳಂದು ಹಸುವಿನ ಹಾಲನ್ನು ಬಿಟ್ಟಿದ್ದಾರೆ. ಅಂದು ಕಡಲೆಕಾಯಿ ಹಾಲು ಮಾಡುವ ಹೊಣೆ ಮೊಮ್ಮಗಳದು.

ಬಸದಿಯ ಟ್ರಸ್ಟಿನವರು ಉತ್ಸವದ ಊಟದಲ್ಲಿ ಒಂದು ದಿನ ತೆಂಗಿನ ಹಾಲಿನ ಪಾಯಸ ಮಾಡಿಸಿ ನೋಡಬಹುದು. ಯಾರ ಲೋಟವನ್ನೂ ಕೆಳಗಿಡಿಸದೆ ಕರುವಿನ ಪಾಲನ್ನು ನೆನಪಿಸುವುದಕ್ಕೆ ಅದೊಂದು ದಾರಿ.