ದುಃಖದ ಮುಂದೆ ಕ್ಯಾಮೆರಾ

ಇನ್ನೊಬ್ಬರ ಸಾವು, ಸಂಕಟಗಳನ್ನು ತೆರೆಯ ಮೇಲೆ ತೋರಿಸುವವನು ಎಷ್ಟು ಹತ್ತಿರ ಹೋಗಬಹುದು? ಮೇಲ್ನೋಟಕ್ಕೆ ಇದು ತಂತ್ರದ ಪ್ರಶ್ನೆ. ಆಳದಲ್ಲಿ ನೈತಿಕ ಪ್ರಶ್ನೆ.

ಇಟಲಿಯ ಜಿಲ್ಲೋ ಪಾಂಟೆಕೋರ್ವೊ ನಿರ್ದೇಶಿಸಿ 1960ರಲ್ಲಿ ತೆರೆಕಂಡ ‘ಕಾಪೋ’ ನಾಝಿ ಶಿಬಿರವೊಂದರ ಕತೆ. ಅದರಲ್ಲಿ ಕೈದಿಯೊಬ್ಬಳು ವಿದ್ಯುತ್ ತಂತಿಬೇಲಿಯ ಮೇಲೆ ಬಿದ್ದು ಸಾಯುತ್ತಾಳೆ. ಕ್ಯಾಮೆರಾ ಮುಂದೆ ಸರಿದು ಅವಳ ಶವವನ್ನು ಅಚ್ಚುಕಟ್ಟಾದ ಚೌಕಟ್ಟಿನೊಳಗೆ ಕೂರಿಸುತ್ತದೆ. 1961ರಲ್ಲಿ ಫ್ರೆಂಚ್ ವಿಮರ್ಶಕ ಝಾಕ್ ರಿವೆಟ್ ಇದನ್ನು ಕಟುವಾಗಿ ಖಂಡಿಸಿದರು. ಅಂತಹ ಸಾವಿನ ಎದುರು ಚೌಕಟ್ಟಿನ ಅಂದವನ್ನು ಲೆಕ್ಕಹಾಕುವವನು ತಿರಸ್ಕಾರಕ್ಕೆ ಮಾತ್ರ ಅರ್ಹನೆಂಬುದು ಅವರ ವಾದ.

ಶಬ್ದದ ವಿಷಯದಲ್ಲೂ ಇದೇ ಪ್ರಶ್ನೆಯಿದೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಮಗಳು ದುರ್ಗಾ ತೀರಿಹೋದುದು ತಿಳಿಯದೆ ಮನೆಗೆ ಮರಳಿದ ತಂದೆ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿಗೆ ಕೊಡುತ್ತಾನೆ. ತಾಯಿ ಕುಸಿಯುತ್ತಾಳೆ. ಬಾಯಿ ತೆರೆದಿದೆ, ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರ್ ಸಂಯೋಜಿಸಿದ ತಾರ್‌ಶೆಹನಾಯಿಯ ನಾದ ಏರುತ್ತದೆ.

ಸಂಗೀತವೂ ಅಲಂಕಾರವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಇಲ್ಲಿ ಅದು ತಾಯಿಯ ಅಳುವಿಗೆ ಮರೆಯಾಗಿ ನಿಲ್ಲುತ್ತದೆ. ಕೇಳಿಸದ ಆ ಅಳುವನ್ನು ಪ್ರೇಕ್ಷಕ ತನ್ನೊಳಗೇ ಕೇಳಿಸಿಕೊಳ್ಳಬೇಕಾಗುತ್ತದೆ.

ಸುದ್ದಿವಾಹಿನಿಗಳು ಸಾವಿನ ಮನೆಗೆ ಮೈಕ್ ಹಿಡಿದು ನುಗ್ಗಿ, ತಾಯಂದಿರ ರೋದನಕ್ಕೆ ಶೋಕಸಂಗೀತ ಬೆರೆಸಿ ಮತ್ತೆ ಮತ್ತೆ ಬಿತ್ತರಿಸುವಾಗ ಈ ಎರಡು ದೃಶ್ಯಗಳನ್ನು ನೆನೆಯಬೇಕು. ನೊಂದವರಿಗೂ ಒಂದು ಮಾನವಿದೆ. ಅದನ್ನು ಕಾಯುವ ಹೊಣೆ ಚಿತ್ರೀಕರಿಸುವವರದು; ಕಣ್ಣು ಕೀಲಿಸಿ ನೋಡುತ್ತ ಕುಳಿತ ನಮ್ಮದೂ ಹೌದು.